ಸಾಬಣ್ಣನ ಎಡಗೈ

ಹೋದ ತಿಂಗಳು ಯಾದಗಿರಿಯಿಂದ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರನ ಸಂಗಡ ಜಗಳಾಡಿದೆ. ಭೀಮಾ ಸೇತುವೆ ದಾಟಿದ ಮೇಲೆ ಒಬ್ಬ ಹೆಂಗಸು ಮೀನಿನ ಬುಟ್ಟಿ ಹೊತ್ತು ಹತ್ತಿದ್ದಳು. ಬುಟ್ಟಿಯ ಬಾಯಿಗೆ ಒದ್ದೆ ಗೋಣಿತಾಟು, ಅದರ ಮೇಲೆ ಸುತ್ತಿಟ್ಟ ಬಲೆ. ಆತ ಇಳಿ ಅಂದ, ಆಕೆ ಇಳಿಯಲಿಲ್ಲ, ಮುಂದಿನ ಸೀಟಿನವರು ಸೆರಗು ಮೂಗಿಗೆ ಹಿಡಿದರು. "ಮೀನಾ ತಿನ್ನಾಕ ಬೇಕು, ವಾಸನಿ ಬ್ಯಾಡೇನ್ರಿ? ಕುಂದ್ರಲಿ ಬಿಡ್ರಿ ಆಕಿ" ಅಂತ ಎದ್ದು ನಿಂತೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಕಂಡಕ್ಟರ್ ಗೊಣಗುತ್ತ ಹಿಂದೆ ಹೋದ. ಹೆಂಗಸು ಬುಟ್ಟಿಯನ್ನು ನನ್ನ ಕಾಲ ಬಳಿಯೇ ಇಟ್ಟಳು. ಹೊಳೆಯ ಕೆಸರು, ನೆನೆದ ಹಗ್ಗ, ಹಸಿ ಮೀನು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಗಳದ ಬಿಸಿ ಇಳಿದುಹೋಯಿತು. ನೋಡಿಕೊಂಡರೆ ನನ್ನ ಬಲಗೈಯ ಮೂರು ಬೆರಳು ನನ್ನದೇ ಎಡಗೈ ಮಣಿಕಟ್ಟಿನ ಮೇಲೆ ಕೂತು ಏನನ್ನೋ ಹುಡುಕುತ್ತಿದ್ದವು. ಹುಡುಕುವಂಥದ್ದು ನನ್ನ ಕೈಯಲ್ಲಿ ಇಲ್ಲ. ಆದರೂ ಶಹಾಪುರ ಬರುವತನಕ ಬೆರಳು ತೆಗೆಯಲು ಆಗಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಶಹಾಪುರದ ಡಯಾಲಿಸಿಸ್ ಘಟಕವೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ಗುತ್ತಿಗೆ ನೌಕರಿ. ತವರು ಸುರಪುರ, ಶಹಾಪುರದಲ್ಲಿ ಒಂದು ಬಾಡಿಗೆ ಖೋಲಿ. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ತಾಸು ಮಂಚದ ಮೇಲೆ ಮಲಗುತ್ತಿದ್ದರು. ಮೈಯ ರಕ್ತ ನಳಿಗೆಯಲ್ಲಿ ಹೊರಬಂದು ಮಷೀನಿನಲ್ಲಿ ಶುದ್ಧವಾಗಿ ಮತ್ತೆ ಒಳಗೆ ಹೋಗಬೇಕು. ಮಷೀನು ಎಲ್ಲರಿಗೂ ಒಂದೇ, ಅದರದ್ದೇನೂ ಕಷ್ಟವಿಲ್ಲ. ಕಷ್ಟವೆಲ್ಲ ದಾರಿಯದು. ರಕ್ತ ಅಷ್ಟು ಜೋರಾಗಿ ಹೊರಬಂದು ಅಷ್ಟೇ ಜೋರಾಗಿ ಒಳಹೋಗುವ ದಾರಿ ಮೈಯಲ್ಲಿ ಎಲ್ಲಿ ಮಾಡುವುದು? ಕೆಲವರ ಮೈಯಲ್ಲಿ ಸುಲಭವಾಗಿ ಸಿಗುತ್ತದೆ. ಕೆಲವರಲ್ಲಿ ಹುಡುಕಿ ಹುಡುಕಿ ಸಾಕಾಗುತ್ತದೆ.

ಸಾಬಣ್ಣ ಈ ಎರಡನೆಯವರ ಪೈಕಿ. ಭೀಮಾ ದಂಡೆಯ ಒಂದು ಹಳ್ಳಿಯವನು, ನಲವತ್ತರ ಆಸುಪಾಸು, ಅಗಲ ಎದೆ, ಮೆತ್ತಗಿನ ಮಾತು. ಆತ ಹೊಳೆಯಲ್ಲಿ ಬಲೆ ಬೀಸಿ ಹಿಡಿದದ್ದನ್ನು ಹೆಂಡತಿ ಯಲ್ಲಮ್ಮ ಊರೂರು ಹೊತ್ತು ಮಾರುತ್ತಿದ್ದಳು. ಏಳು ವರ್ಷದ ಒಬ್ಬಳು ಮಗಳು. ರೋಗ ಗೊತ್ತಾಗುವ ಮೊದಲು ನಾಲ್ಕಾರು ವರ್ಷ ಆತನಿಗೆ ಸುಸ್ತು. ನಮ್ಮ ಕಡೆ ಸುಸ್ತು ಅಂದರೆ ಸಲೈನ್. ಊರಿಗೆ ಬೈಕಿನಲ್ಲಿ ಬರುವ ಡಾಕ್ಟರು ಕಟ್ಟೆಯ ಮೇಲೆ ಮಲಗಿಸಿ, ಬಾಟಲಿಯನ್ನು ಮೊಳೆಗೆ ನೇತುಹಾಕಿ ಏರಿಸಿ ಹೋಗುತ್ತಾರೆ. ಸಾಬಣ್ಣನ ಬಲಗೈಯಲ್ಲಿ ಸೂಜಿ ಚುಚ್ಚದ ಜಾಗವೇ ಇರಲಿಲ್ಲ, ಮುಟ್ಟಿದರೆ ನರವೆಲ್ಲ ಒಣ ಕಡ್ಡಿ. ಮೇಲೆ, ಶುರುವಿನಲ್ಲಿ ಡಯಾಲಿಸಿಸ್‌ಗೆಂದು ಕುತ್ತಿಗೆಯ ಬಲಬದಿಗೆ ಹಾಕಿದ ನಳಿಗೆ ಕೀವಾಗಿ, ಎದೆಯೊಳಗಿನ ದೊಡ್ಡ ನರವೇ ಆ ಬದಿಗೆ ಮುಚ್ಚಿಹೋಗಿತ್ತು. ಬಲಗೈ, ಬಲಗೆನ್ನೆ ಸದಾ ಬಾತುಕೊಂಡಿರುತ್ತಿದ್ದವು. ಎಡಬದಿಯ ಕುತ್ತಿಗೆಗೆ ಎರಡನೆಯ ನಳಿಗೆ ಹಾಕಿ ದಿನ ನೂಕುತ್ತಿದ್ದೆವು.

ಕಲಬುರಗಿಯ ಸರ್ಜನ್ ಸ್ಕ್ಯಾನ್ ಮಾಡಿ ಎರಡೂ ಕೈಯನ್ನು ಮಣಿಕಟ್ಟಿನಿಂದ ಭುಜದವರೆಗೆ ನೋಡಿದರು. ಬಲಗೈ ಸತ್ತ ಲೆಕ್ಕ. ಎಡಗೈಯ ಮೇಲ್ಭಾಗದಲ್ಲಿ ನರಗಳು ನೂಲಿನಷ್ಟು ಸಣ್ಣ. ಹೊಟ್ಟೆಯೊಳಗೆ ನೀರು ಬಿಟ್ಟು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇದೆ, ಅದೂ ಆಗದು, ಹಿಂದೆ ಕರುಳು ಒಡೆದು ಆಪರೇಷನ್ ಆದ ಹೊಟ್ಟೆ ಆತನದು. ಉಳಿದದ್ದು ಎಡ ಮುಂಗೈಯಲ್ಲಿ ಒಂದೇ ಒಂದು ನರ. ಅದನ್ನು ಮಣಿಕಟ್ಟಿನ ಹತ್ತಿರ ಪಕ್ಕದ ರಕ್ತನಾಳಕ್ಕೆ ಜೋಡಿಸಿ ಹೊಲಿದರೆ, ರಕ್ತದ ರಭಸಕ್ಕೆ ಒಂದೂವರೆ ಎರಡು ತಿಂಗಳಲ್ಲಿ ಹಗ್ಗದಷ್ಟು ದಪ್ಪವಾಗುತ್ತದೆ. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಆಮೇಲೆ ಅದಕ್ಕೇ ಸೂಜಿ ಹಾಕಿ ವರ್ಷಗಟ್ಟಲೆ ಡಯಾಲಿಸಿಸ್ ಮಾಡಬಹುದು. "ಇದು ಹೋದ್ರ ನನ್ನ ಕಡೆ ಬ್ಯಾರೆ ದಾರಿ ಇಲ್ಲ. ಹುಷಾರ್" ಅಂತ ಸರ್ಜನ್ ನನಗೇ ಫೋನು ಮಾಡಿ ಹೇಳಿದರು.

ಆಪರೇಷನ್ನಿಗೆ ಕಳಿಸುವ ಕಾಗದ ತುಂಬಿದವಳು ನಾನು. ರೋಗಿ ಹೆಚ್ಚು ಬಳಸುವ ಕೈ ಯಾವುದು ಅಂತ ಅದರಲ್ಲಿ ಒಂದು ಪ್ರಶ್ನೆ ಇದೆ. "ಯಾವ ಕೈಲೆ ಉಣ್ತೀರಿ?" ಅಂತ ಕೇಳಿದೆ.

"ಎಲ್ಲಾರೂ ಯಾವ ಕೈಲೆ ಉಣ್ತಾರೋ ಅದರಾಗೇ ರೀ."

"ಬಲಿ ಬೀಸೂದು?"

"ಬಲಗೈಲೇ ರೀ."

ಬಲ ಅಂತ ಬರೆದೆ. ಇಷ್ಟಾದರೂ ಕೇಳಿದೆನಲ್ಲ ಅಂತ ನನಗೆ ಹೆಮ್ಮೆ ಬೇರೆ.

ಜೂನ್ ತಿಂಗಳ ಮಿರಗದ ಮಳೆ ಶುರುವಾಗುವ ಮೊದಲು ಆಪರೇಷನ್ ಆಯಿತು. ಹೊಲಿಗೆಯ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಅಂತ ನಡುಕ. ಮುಚ್ಚಿದ ಡಬ್ಬಿಯೊಳಗೆ ಜೀರುಂಡೆ ಇದ್ದಹಾಗೆ. ಅದು ನಡೆಯುತ್ತಿರುವತನಕ ದಾರಿ ಜೀವಂತ, ನಿಂತರೆ ಮುಗಿಯಿತು. ಬಾಯಿಪಾಠದ ಹಾಗೆ ಎಲ್ಲ ಒಪ್ಪಿಸಿದೆ: ಎಡಗೈ ಮೇಲೆ ಭಾರ ಹೊರಬೇಡ, ಬಿಪಿ ಪಟ್ಟಿ ಕಟ್ಟಿಸಬೇಡ, ವಾಚು ಕಡಗ ಹಾಕಬೇಡ, ಆ ಕೈ ಕೆಳಗೆ ಮಾಡಿ ಮಲಗಬೇಡ. ಯಲ್ಲಮ್ಮನನ್ನು ಕರೆದು ಆ ಮಣಿಕಟ್ಟಿಗೆ ಕಿವಿ ಹಚ್ಚಿಸಿದೆ. ಆಕೆ ಸ್ವಲ್ಪ ಹೊತ್ತು ಉಸಿರು ಹಿಡಿದು ಕೇಳಿ, ನಕ್ಕುಬಿಟ್ಟಳು. "ಮಾತಾಡಾಕತ್ತದಲ್ರಿ ಇದು."

"ದಿನಾ ಕೇಳಕ್ಕಾ. ಆತನ ಮ್ಯಾಲ ಭರೋಸಾ ಇಲ್ಲ ನನಗ. ನೀನೇ ಕೇಳಬೇಕು."

ಅಂದಿನಿಂದ ಆಕೆ ದಿನಾ ಆ ಕೈಗೆ ಕಿವಿ ಹಚ್ಚಿಯೇ ಮಲಗುತ್ತಿದ್ದಳಂತೆ. ಸಾಬಣ್ಣ ಮಂಚದ ಮೇಲೆ ಮಲಗಿ ಚಾಡಿ ಹೇಳುತ್ತಿದ್ದ. "ಅಕ್ಕಾರ, ಲಗ್ನ ಆಗಿ ಹತ್ತು ವರ್ಷದಾಗ ನನ್ನ ಮಾತು ಇಷ್ಟು ಲಕ್ಷ ಕೊಟ್ಟು ಕೇಳಿಲ್ರಿ ಈಕಿ. ಈಗ ನನ್ನ ಕೈ ಮಾತಾಡಿದ್ರ ಕೇಳ್ತಾಳ." ಪಕ್ಕದ ಮಂಚದವರೂ ನಗುತ್ತಿದ್ದರು. ನೀರು ಜಾಸ್ತಿ ಕುಡಿದು ಬಂದ ದಿನ ನಾನು ಬೈದರೆ, "ಹೊಳಿಯೊಳಗ ಹುಟ್ಟಿದವಂಗ ನೀರು ಕುಡೀಬ್ಯಾಡ ಅಂದ್ರ ಹೆಂಗ್ರಿ" ಅನ್ನುತ್ತಿದ್ದ. ಬೈದರೂ ಮುಖ ಗಂಟಿಕ್ಕದ ಒಬ್ಬನೇ ರೋಗಿ ಆತ. ಅದಕ್ಕೇ ಆತನಿಗೆ ಒಂದು ಪಾಲು ಜಾಸ್ತಿಯೇ ಬೈಯುತ್ತಿದ್ದೆ ಅನಿಸುತ್ತದೆ.

ಒಂದು ದಿನ ಸೂಜಿ, ಟೇಪು, ಬಾಟಲಿ ಅಂತ ನಾನು ಓಡಾಡುತ್ತಿರುವಾಗ ಕೇಳಿದ. "ಅಕ್ಕಾರ, ಕೆಲಸ ಮಾಡಬಹುದೇನ್ರಿ?"

"ಬಲಗೈಲೆ ಏನ್ ಬೇಕಾದ್ದು ಮಾಡ್ರಿ. ಎಡಗೈ ಬಿಟ್ಟುಬಿಡ್ರಿ."

ತಿರುಗಿ ಕೂಡ ನೋಡಲಿಲ್ಲ. ಹೇಳಿ ಮುಂದಿನ ಮಂಚಕ್ಕೆ ಹೋದೆ.

ಆ ವರ್ಷ ಮಳೆ ನಮ್ಮಲ್ಲಿ ಅಷ್ಟಕ್ಕಷ್ಟೇ, ಮೇಲಿನ ಸೀಮೆಯಲ್ಲಿ ವಿಪರೀತ. ಒಂದು ಹಗಲು ಭೀಮೆಗೆ ಹೊಸ ನೀರು ಬಂತು. ಕೆಂಪು ನೀರು, ಅದರ ಮೇಲೆ ಕಸ, ನೊರೆ, ಕಿತ್ತು ಬಂದ ಜಾಲಿಗಿಡ. ಮರುದಿನ ನಮ್ಮ ಕಡೆಯೂ ಜಡಿದು, ಹಳ್ಳಗಳು ತುಂಬಿ ದಾರಿ ಕಟ್ಟಿತು. ಸಾಬಣ್ಣನ ಪಾಳಿ ತಪ್ಪಿತು. ಮೂರನೆಯ ದಿನ ಗಂಡ ಹೆಂಡತಿ ಟ್ರ್ಯಾಕ್ಟರಿನಲ್ಲಿ ಕೂತು, ಮೊಣಕಾಲ ಮಟ ನೀರಿನಲ್ಲಿ ನಡೆದು ಮಧ್ಯಾಹ್ನದ ಹೊತ್ತಿಗೆ ಬಂದರು. ಪಾಳಿ ತಪ್ಪಿಸಿದ್ದಕ್ಕೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಯಲ್ಲಮ್ಮ ಗಂಡನ ಎಡಗೈ ಹಿಡಿದು ಮುಂದೆ ಚಾಚಿದಳು. ಆಕೆ, "ಮಾತಾಡವಲ್ದು ರೀ" ಅಂದಳು.

ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಏನಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಪಕ್ಕಕ್ಕೆ. ಸ್ಟೆತಸ್ಕೋಪು ಇಟ್ಟು ಕೇಳಿದೆ. ನನ್ನ ಕಿವಿಯೊಳಗೆ ನನ್ನದೇ ರಕ್ತ ಬಡಿದುಕೊಳ್ಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ನರ ಗಟ್ಟಿಯಾಗಿತ್ತು. ಅದರ ಸುತ್ತ, ಮಣಿಕಟ್ಟಿಗೆ ಬಳೆ ತೊಡಿಸಿದ ಹಾಗೆ, ನೀಲಿಗಟ್ಟಿದ ಗೆರೆ.

ಯಲ್ಲಮ್ಮನನ್ನು ಚೀಟಿ ಮಾಡಿಸಲು ಕಳಿಸಿ ಪರದೆ ಎಳೆದೆ. "ಇದೇನಿದು? ಏನ್ ಕಟ್ಟಿದ್ರಿ ಇಲ್ಲಿ?"

ಆತ ಬಾಗಿಲ ಕಡೆ ಒಮ್ಮೆ ನೋಡಿ ಸಣ್ಣ ದನಿಯಲ್ಲಿ ಹೇಳಿದ. ಅವರ ಮನೆತನದಲ್ಲಿ ಒಂದು ರೂಢಿ. ಹೊಸ ನೀರು ಬಂದ ದಿನ ಮನೆಯ ಹಿರಿಯ ಒಬ್ಬನೇ ಹೋಗಿ ಮೊದಲ ಬಲೆ ಬೀಸಬೇಕು. ಬಿದ್ದ ಮೀನನ್ನು ಮನೆಗೆ ತರುವಂತಿಲ್ಲ, ಅರಿಶಿನ ಹಚ್ಚಿ ಹೊಳೆಗೇ ಬಿಡಬೇಕು. ಆಮೇಲೆಯೇ ಮಿಕ್ಕವರು ನೀರಿಗೆ ಇಳಿಯುವುದು. ಅಪ್ಪ ತೀರಿದ ಮೇಲೆ ಅದನ್ನು ಮಾಡುತ್ತ ಬಂದವನು ಸಾಬಣ್ಣ. ತಮ್ಮಂದಿರು ಇರಲಿಲ್ಲ. ಯಲ್ಲಮ್ಮ ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋದದ್ದು ನೋಡಿ ಒಬ್ಬನೇ ದಂಡೆಗೆ ಹೋಗಿದ್ದ.

"ಒಂದ ಬೀಸು ಬೀಸಿದೆ ರೀ. ಖರೇನ ಒಂದ. ನೀವು ಹೇಳಿದಂಗ ಬಲಗೈಲೇ ಬೀಸಿದೆ. ಎಡಗೈಗೆ ಏನೂ ಕೆಲಸ ಕೊಟ್ಟಿಲ್ರಿ."

"ಮತ್ತ ಈ ಗೆರಿ?"

"ಅದು ಬಲಿ ಹಗ್ಗದ ಕುಣಿಕಿ ರೀ. ಎಡಗೈ ಮಣಿಕಟ್ಟಿಗೆ ಹಾಕ್ಕೊಂತೀವಲ್ರಿ, ಬಲಿ ಹೊಳಿ ಪಾಲಾಗಬಾರ್ದಂತ. ಈ ಸರ್ತಿ ಜಾಲಿಗಿಡಕ್ಕ ಸಿಕ್ಕೊಂಡು ಜಗ್ಗಿಬಿಡ್ತು. ಬಿಡಿಸ್ಕೊಳ್ಳೂ ತನಕ ಜರಾ ಬಿಗೀತು. ಅಷ್ಟ."

ಆತ ತಪ್ಪು ಮುಚ್ಚಿಡುತ್ತಿರಲಿಲ್ಲ. ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವನ ಮುಖ ಅದು. ಬೀಸುಬಲೆ ಹಿಡಿದವನು ಎಡಗೈಗೆ ಹಗ್ಗ ಹಾಕಿಕೊಳ್ಳುತ್ತಾನೆ ಅನ್ನುವುದು ಹೊಳೆ ದಂಡೆಯಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ಹಾಗಾಗಿ ನನಗೂ ಗೊತ್ತಿರಬೇಕು ಅಂತ ಆತ ತಿಳಿದಿದ್ದ. ನನಗೆ ಗೊತ್ತಿರಲಿಲ್ಲ. ಸುರಪುರದ ಓಣಿಯಲ್ಲಿ ಬೆಳೆದವಳು, ಬಲೆ ನೋಡಿದ್ದು ಬಸ್ಸಿನ ಕಿಟಕಿಯಿಂದ. ಬಲೆ ಬೀಸುವ ಕೈ ಕೇಳಿದೆ, ಹಗ್ಗದ ಕೈ ಕೇಳಲಿಲ್ಲ. ವಾಚು ಬೇಡ, ಕಡಗ ಬೇಡ ಅಂತ ಅವೆರಡೂ ಇಲ್ಲದವನಿಗೆ ಪಾಠ ಒಪ್ಪಿಸಿದ್ದೆ.

ಡಾಕ್ಟರು ಬಂದರು. ಘಟಕ ನೋಡಿಕೊಳ್ಳುತ್ತಿದ್ದ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಷ್ಟರಲ್ಲಿ ಯಲ್ಲಮ್ಮನೂ ಚೀಟಿ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. "ಇಷ್ಟು ಕಷ್ಟಪಟ್ಟು ಮಾಡಿಸಿದ್ದು ಹೆಂಗ್ ಹೋತು? ಏನ್ ಮಾಡಿದಿ? ಸಿಸ್ಟರ್, ಇವನಿಗೆ ಸರಿಯಾಗಿ ತಿಳಿಸಿ ಹೇಳಿದ್ದೇನು ಇಲ್ಲೋ?" ಅಂತ ನನ್ನ ಕಡೆ ತಿರುಗಿದರು. ಊರಿಗೆಲ್ಲ ಬೈಯುವ ಬಾಯಿ ನನ್ನದು, ಆಗ ಒಂದು ಅಕ್ಷರ ಹೊರಡಲಿಲ್ಲ.

ಸಾಬಣ್ಣ ನನ್ನನ್ನು ನೋಡಿದ. ಆಮೇಲೆ ಡಾಕ್ಟರಿಗೆ ಹೇಳಿದ. "ಅಕ್ಕಾರು ಎಲ್ಲಾ ಹೇಳಿದ್ರು ರೀ. ನಿದ್ದಿಗಣ್ಣಾಗ ಕೈ ಮ್ಯಾಲ ಭಾರ ಬಿತ್ತು ಕಾಣಸ್ತದ್ರಿ. ನಂದೇ ತಪ್ಪು."

ಡಾಕ್ಟರು ತಲೆ ಚಚ್ಚಿಕೊಂಡು, ಬೇಜವಾಬ್ದಾರಿ ಜನ ಅಂತ ಬೈದು ಹೋದರು. ಹೋಗುತ್ತ ಬುಕ್ಕಿನಲ್ಲಿ ಬರಿ ಅಂದರು. ರೋಗಿಗಳು ತಮ್ಮ ಬಳಿ ಇಟ್ಟುಕೊಳ್ಳುವ ಡಯಾಲಿಸಿಸ್ ಪುಸ್ತಕ ಅದು. ಅದರಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ನಿದ್ದೆಯಲ್ಲಿ ಕೈ ಮೇಲೆ ಭಾರ ಬಿದ್ದು ಫಿಸ್ಟುಲಾ ನಿಂತಿದೆ. ಕೆಳಗೆ ನನ್ನ ಸಹಿ.

"ಯಾಕ್ ಹಂಗ್ ಹೇಳಿದ್ರಿ?" ಅಂತ ಆಮೇಲೆ ಕೇಳಿದೆ.

"ನಿಮ್ದು ಕಾಯಂ ನೌಕರಿ ಅಲ್ಲ ಅಂತ ಕೇಳೀನ್ರಿ. ನಿಮ್ಮನ್ನ ತೆಗೆದ್ರ ನಮಗ ಬೈಯೋರು ಯಾರ್ರಿ?" ಅಂದು ನಕ್ಕ. ಹೆಂಡತಿಗೆ ಬಲೆಯ ವಿಷಯ ಹೇಳಬೇಡ ಅಂತಲೂ ಕೇಳಿಕೊಂಡ. "ಹೊಳಿಗೆ ಹೋಗಿದ್ದು ಗೊತ್ತಾದ್ರ ಜೀವಾ ತಿಂತಾಳ್ರಿ."

ಅದೇ ದಿನ ಕಲಬುರಗಿಗೆ ಕಳಿಸಿದೆವು. ಹೆಪ್ಪುಗಟ್ಟಿ ಮೂರು ದಿನ ಆಗಿತ್ತು, ತೆಗೆಯಲು ನೋಡಿ ಕೈಬಿಟ್ಟರು. ಪ್ಲಾಸ್ಟಿಕ್ ನಾಳ ಹಾಕೋಣವೆಂದರೆ ಎಡಬದಿಯ ಕುತ್ತಿಗೆಯ ನಳಿಗೆಯಿಂದ ಆ ಬದಿಯ ದೊಡ್ಡ ನರವೂ ಸಣ್ಣದಾಗತೊಡಗಿತ್ತು. ಕೊನೆಗೆ ತೊಡೆಯ ಬುಡಕ್ಕೆ ನಳಿಗೆ ಹಾಕಿ ಕಳಿಸಿದರು. ತೊಡೆಯ ಸಂದಿಯ ಗಾಯವನ್ನು ಒಣಗಿಸಿ ಇಡುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಕೂರುವಂತಿಲ್ಲ, ಬಗ್ಗುವಂತಿಲ್ಲ. ಮೇಲೆ ಮಳೆಗಾಲ, ಸೋರುವ ಮನೆ, ಒಣಗದ ಲುಂಗಿ. ಎರಡು ಸಲ ಚಳಿಜ್ವರ ಬಂತು. ಬಲ ತೊಡೆಯಿಂದ ಎಡ ತೊಡೆಗೆ ಬದಲಿಸಿದರು. ನಾನು ನನ್ನ ಪಾಳಿ ಇಲ್ಲದ ದಿನವೂ ಹೋಗಿ ಆತನ ಗಾಯ ನಾನೇ ತೊಳೆದೆ. ಬೈಯುವುದನ್ನು ಬಿಟ್ಟಿದ್ದೆ. ಆತನಿಗೆ ಅದೇ ಹೆದರಿಕೆಯಾಯಿತು. "ಅಕ್ಕಾರ, ನೀವು ಬೈಯವಲ್ರಿ. ನಾ ಏನ್ ಉಳಿಯಂಗಿಲ್ಲೇನ್ರಿ?" ಅಂತ ಒಂದು ದಿನ ಕೇಳಿದ. ಸುಮ್ನಿರ್ರಿ, ಹುಚ್ಚರಂಗ ಮಾತಾಡಬ್ಯಾಡ್ರಿ ಅಂತ ಗದರಿಸಿದೆ. ಸಮಾಧಾನವಾದಂತೆ ಕಣ್ಣು ಮುಚ್ಚಿದ.

ಹತ್ತಿ ಒಡೆಯುವ ಹೊತ್ತಿಗೆ ರಕ್ತಕ್ಕೆ ನಂಜೇರಿ ಕಲಬುರಗಿಯ ದವಾಖಾನೆಯಲ್ಲಿ ತೀರಿಕೊಂಡ. ಸುದ್ದಿ ನನಗೆ ಫೋನಿನಲ್ಲಿ ಬಂತು. ಆ ದಿನ ಒಬ್ಬ ರೋಗಿಯ ಫಿಸ್ಟುಲಾ ಮುಟ್ಟಿ ನೋಡುವಾಗ ಗುಂಯ್ ಅನ್ನುವುದು ಬೆರಳಿಗೆ ಹತ್ತಿತು, ಮತ್ತೆ ಇಳಿಯಲಿಲ್ಲ. ಊಟ ಮಾಡುವಾಗ, ಜಡೆ ಹಾಕುವಾಗ, ಬೆರಳ ತುದಿಯಲ್ಲಿ ಅದೇ ನಡುಕ. ಒಂದೊಂದು ದಿನ ತಟ್ಟನೆ ನಿಲ್ಲುತ್ತಿತ್ತು. ನಿಂತಾಗ ಇನ್ನೂ ಭಯ. ಈಗಲೂ ಹಾಗೇ ಇದೆ, ಯಾರಿಗೂ ಹೇಳಿಲ್ಲ.

ಒಂದೆರಡು ತಿಂಗಳಾದ ಮೇಲೆ ಯಲ್ಲಮ್ಮ ಬಂದಳು. ವಿಧವಾ ವೇತನಕ್ಕೆ ಆಸ್ಪತ್ರೆಯ ಕಾಗದ ಬೇಕಾಗಿತ್ತು. ಸಂಗಡ ಮಗಳು. ಡಯಾಲಿಸಿಸ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಕಾಗದಕ್ಕೆ ಸೀಲು ಹಾಕಿ ಕೊಟ್ಟೆ. ಆಕೆ ಹೋಗಲಿಲ್ಲ. ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದು ಪುಸ್ತಕ ನನ್ನ ಮುಂದಿಟ್ಟಳು.

"ಅಕ್ಕಾರ, ಕೈ ಹೋದ ದಿನ ಇದರಾಗ ಏನೋ ಬರದ್ರಲ್ರಿ. ಅದು ಓದಿ ಹೇಳ್ರಿ."

"ಈಗ್ಯಾಕಕ್ಕಾ ಅದೆಲ್ಲಾ?"

"ಹೇಳ್ರಿ. ನನಗ ಗೊತ್ತಾಗ್ಬೇಕು." ನಿಂತುಕೊಂಡೇ ಹೇಳತೊಡಗಿದಳು. ಹೊಸ ನೀರು ಬಂದ ದಿನ ಕಳೆ ತೆಗೆದು ಸೋತು ಬಂದಿದ್ದಳಂತೆ. ಉಂಡು ಎಂದಿನಂತೆ ಗಂಡನ ಕೈಗೆ ಕಿವಿ ಹಚ್ಚಿ ಮಲಗಿದಳಂತೆ. "ಸಪ್ಪಳ ಕೇಳಿದೆನೋ ಇಲ್ಲೋ ಖಬರಿಲ್ರಿ, ನಿದ್ದಿ ಹತ್ತಿಬಿಡ್ತು. ಬೆಳಕು ಹರದು ಎಚ್ಚರಾದಾಗ ನನ್ನ ತಲಿ ಆ ಕೈ ಮ್ಯಾಲೇ ಇತ್ರಿ. ಕೈ ಮಾತಾಡವಲ್ದು. ಅವರು ಏನೂ ಅನ್ಲಿಲ್ಲ. ಡಾಕ್ಟ್ರ ಮುಂದನೂ ನನ್ನ ಹೆಸರು ತೆಗೀಲಿಲ್ಲ, ಭಾರ ಬಿತ್ತು ಅಂದ್ರು ಅಷ್ಟ. ಈಗ ಹುಡುಗಿ ರಾತ್ರಿ ಅವ್ವಾ ಅಂತ ಬಾಜೂಕ ಬರ್ತದ. ನನಗ ಅಂಜಿಕಿ. ದೂರ ಹಾಸಿ ಮಲಗಸ್ತೀನ್ರಿ."

ಪುಸ್ತಕ ತೆರೆದೆ. ಪುಟ ಸಿಕ್ಕಿತು. ಅಕ್ಷರ ಇಂಗ್ಲಿಷಿನವು, ಆಕೆಗೆ ಕನ್ನಡವೂ ಓದಲು ಬಾರದು. ನಾನು ಅಲ್ಲಿ ಏನು ಬೇಕಾದರೂ ಓದಬಹುದಿತ್ತು. ಬಲೆಯ ಹಗ್ಗ ಬಿಗಿದು ಅಂತ ಓದಬಹುದಿತ್ತು. ಟೆಕ್ನಿಷಿಯನ್ ಸರಿಯಾಗಿ ಕೇಳದೆ ಇದ್ದದ್ದರಿಂದ ಅಂತ ಓದಬಹುದಿತ್ತು. ಪಕ್ಕದ ಕೋಣೆಯಲ್ಲಿ ಡಾಕ್ಟರು ಕೂತಿದ್ದರು, ನನ್ನ ಗುತ್ತಿಗೆ ಮುಗಿದು ಹೊಸ ಕಾಗದಕ್ಕೆ ಆ ವಾರ ಅವರ ಸಹಿ ಆಗಬೇಕಿತ್ತು.

"ನಿದ್ದಿಯೊಳಗ ಕೈ ಮ್ಯಾಲ ಭಾರ ಬಿದ್ದು ನಿಂತದ ಅಂತ ಬರದದ" ಅಂತ ಓದಿದೆ.

"ಯಾರ ಭಾರ ಅಂತ ಬರ್ದಿಲ್ಲೇನ್ರಿ?"

"ಇಲ್ಲ."

ಆಕೆ ಪುಸ್ತಕ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. ನನ್ನ ಸಹಿಯ ಮೇಲೂ ಬೆರಳು ಹೋಯಿತು. "ಆ ಭಾರ ನಂದು ರೀ" ಅಂದಳು.

ಪುಸ್ತಕ ಚೀಲದಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ಬೆಂಚಿನಿಂದ ಇಳಿದ ಮಗಳು ಕೈ ಹಿಡಿಯಲು ಬಂದರೆ ಸೆರಗಿನ ತುದಿ ಕೊಟ್ಟಳು, ಕೈ ಕೊಡಲಿಲ್ಲ. ನಾನು ಕಿಟಕಿಯಲ್ಲಿ ನಿಂತು, ಅವರಿಬ್ಬರೂ ಗೇಟು ದಾಟುವತನಕ ನೋಡಿದೆ, ಕರೆಯಲಿಲ್ಲ.